ನೋಲೀನಳ ಕೆಂಪು ಬೀಗ

ನಮ್ಮ ಮನರಂಜನಾ ಪಾರ್ಕಿನ ಕಿಂಗ್ ಟೈಡ್ ರೋಲರ್ ಕೋಸ್ಟರ್ ಬಂಡಿ ಹೊರಟರೆ ಏಳು ಸೆಕೆಂಡಿನಲ್ಲಿ ನೂರೈವತ್ತು ಕಿಲೋಮೀಟರ್ ವೇಗ ಹಿಡಿಯುತ್ತದೆ. ನೇರ ಹಳಿಯ ಮೇಲೆ ಓಡಿ, ಎಪ್ಪತ್ತು ಮೀಟರಿನ ಉಕ್ಕಿನ ಟವರನ್ನು ಸೆಟೆದು ಏರುತ್ತದೆ. ತುದಿ ಇನ್ನೇನು ಸಿಕ್ಕಿತು ಅನ್ನುವಾಗ ಸುಸ್ತಾಗಿ ಒಂದು ಗಳಿಗೆ ನಿಂತು, ಬಂದ ಹಾದಿಯಲ್ಲೇ ಹಿಮ್ಮುಖವಾಗಿ ಜಾರಿ, ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಅರ್ಧ ನಿಮಿಷವೂ ಇಲ್ಲದ ಈ ಆಟಕ್ಕಾಗಿ ಜನ ಗೋಲ್ಡ್ ಕೋಸ್ಟಿನ ಬಿಸಿಲಿನಲ್ಲಿ ಒಂದೂವರೆ ಗಂಟೆ ನಿಲ್ಲುತ್ತಾರೆ. ಗುಂಡಿ ಒತ್ತಿ ಆ ಬಂಡಿ ಬಿಡುವವಳು ನಾನು. ಆದರೆ ನಾನು ಗುಂಡಿ ಒತ್ತುವ ಮೊದಲು ಯಾರಾದರೂ ಆ ಟವರನ್ನು ಕಾಲಿನಲ್ಲಿ ಹತ್ತಿ, ಒಂದೊಂದು ಬೋಲ್ಟನ್ನೂ ನೋಡಿ ಇಳಿದಿರಬೇಕಲ್ಲ, ಅವಳು ನೋಲೀನ್ ಟಲ್ಲಿ.

ಮುನ್ನೂರ ತೊಂಬತ್ತೆರಡು ಮೆಟ್ಟಿಲು. ನೋಲೀನಳಿಗೆ ಐವತ್ತೇಳು ವರ್ಷ. ಬೆಳಿಗ್ಗೆ ಐದಕ್ಕೆ ಹತ್ತಲು ಶುರು ಮಾಡಿದರೆ ನೂರಕ್ಕೊಮ್ಮೆ ನಿಂತು, ಎಡ ಮೊಣಕಾಲನ್ನು ಎರಡು ಕೈಯಲ್ಲೂ ಒತ್ತಿಕೊಂಡು, ಮತ್ತೆ ಹತ್ತುತ್ತಾಳೆ. ಕೆಳಗಿನಿಂದ ಅವಳ ತಲೆದೀಪ ಕಾಣುತ್ತದೆ. ನೂರಕ್ಕೊಮ್ಮೆ ನಿಲ್ಲುವ ಆ ದೀಪವನ್ನು ನೋಡಿ ನಾನು ಚಹಾಕ್ಕೆ ನೀರಿಡುತ್ತಿದ್ದೆ.

ಅವಳು ಪಾರ್ಕಿಗೆ ಸೇರಿದ್ದು ಮೂವತ್ತೊಂದನೇ ವಯಸ್ಸಿನಲ್ಲಿ, ತೊಳೆಯುವ ಕೆಲಸಕ್ಕೆ. ಬಂಡಿಯ ಸೀಟಿನಲ್ಲಿ ಯಾರಾದರೂ ವಾಂತಿ ಮಾಡಿದರೆ ಬಕೆಟ್ಟು ಹಿಡಿದು ಓಡುವುದು ಅವಳ ಪಾಲು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು ಇದ್ದುದರಿಂದ ವಾಂತಿ ಅವಳಿಗೆ ಹೊಸದೇನಲ್ಲ ಎಂದು ಆಗಿನ ಮೇಸ್ತ್ರಿ ಹೇಳಿದ್ದನಂತೆ. ತೊಳೆಯುತ್ತ ತೊಳೆಯುತ್ತ ಅವಳು ಬಂಡಿಯ ಹೊಟ್ಟೆಯ ಕೆಳಗೆ ನೋಡುವುದನ್ನು ಕಲಿತಳು. ಚಕ್ರದ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದನ್ನು ಒಮ್ಮೆ ಫಿಟ್ಟರುಗಳಿಗಿಂತ ಮೊದಲು ಕಂಡು ಹೇಳಿದಳು. ನಲವತ್ತಮೂರಕ್ಕೆ ಫಿಟ್ಟರ್ ತರಬೇತಿಗೆ ಹೆಸರು ಕೊಟ್ಟಾಗ ಗಂಡ ಡೆಸ್ ನಕ್ಕನಂತೆ: "ಮನೇಲಿ ನಲ್ಲಿ ಸೋರ್ತಾ ಇದೆ, ಮೊದಲು ಅದನ್ನ ರಿಪೇರಿ ಮಾಡು." ಅವಳು ಅದನ್ನೂ ಮಾಡಿದಳು. ಪಾತ್ರೆ ತೊಳೆದು ಒರೆಸಿದ ಮೇಲೆ ಅದೇ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಬಿಚ್ಚಿ, ನಾಲ್ಕು ವರ್ಷ ಓದಿ, ಪಾಸು ಮಾಡಿದಳು.

ಡೆಸ್ ಟೈಲ್ಸ್ ಕೂರಿಸುವವನಾಗಿದ್ದ. ಬೆನ್ನು ಹಿಡಿದುಕೊಂಡಿತೆಂದು ಐವತ್ತೈದಕ್ಕೇ ಕೆಲಸ ಬಿಟ್ಟ. ಮೀನು ಹಿಡಿಯುವ ದೋಣಿಯನ್ನು ಟ್ರೈಲರಿಗೆ ಏರಿಸುವಾಗ ಅದೇ ಬೆನ್ನು ಸುಮ್ಮನಿರುತ್ತದೆ. ಬಟ್ಟೆಯ ಬುಟ್ಟಿ ಎತ್ತುವಾಗ ಮಾತ್ರ ಚುಚ್ಚುತ್ತದೆ. ಮನೆಯ ಹಿಂಬದಿಯ ಕೋಣೆಯಲ್ಲಿ ಅವನ ತಾಯಿ ಮರ್ಲ್, ಎಂಬತ್ತಾರು ವರ್ಷದವಳು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ, ಎರಡು ಸಲ ಕಾಲಿಗೆ ಪಟ್ಟಿ. ಹನಿ ಬಿಡುವಾಗ ಮುದುಕಿ, "ನಿನ್ನ ಕೈ ಗ್ರೀಸ್ ವಾಸನೆ" ಎನ್ನುತ್ತಾಳಂತೆ. ಹಾಗಾದರೆ ಮಗನನ್ನೇ ಕರೆಯಿರಿ ಎಂದರೆ, "ಪಾಪ, ಅವನಿಗೆ ಇದೆಲ್ಲ ಎಲ್ಲಿ ಬರತ್ತೆ?" ಎನ್ನುತ್ತಾಳಂತೆ.

ಇಷ್ಟನ್ನೆಲ್ಲ ನೋಲೀನ್ ದೂರು ಹೇಳಿದಂತೆ ಹೇಳಿದವಳಲ್ಲ. ಚಹಾ ಕುಡಿಯುತ್ತ, ಲೋಟದ ಮೇಲೆ ಕಣ್ಣು ಮುಚ್ಚಿಕೊಂಡೇ, ಇನ್ಯಾರದೋ ಮನೆಯ ಸುದ್ದಿಯಂತೆ ಹೇಳುತ್ತಿದ್ದಳು. ಅವಳು ನಿಂತಲ್ಲೇ ನಿದ್ದೆ ಮಾಡಬಲ್ಲವಳು. ಮಾತಿನ ನಡುವೆ ಎರಡು ಕ್ಷಣ ಹೋಗಿ ಬಂದು, ಬಿಟ್ಟಲ್ಲಿಂದಲೇ ಮಾತು ಹಿಡಿಯುತ್ತಿದ್ದಳು.

"ಇನ್ನು ಮೂರು ವರ್ಷ ಗ್ಲೆನಿಸ್. ಅರವತ್ತರವರೆಗೆ ನನ್ನನ್ನ ಆ ಟವರ್ ಮೇಲೆ ಬಿಟ್ರೆ ಸಾಕು, ಇನ್ನೇನೂ ಬೇಡ," ಎಂದಳು ಒಮ್ಮೆ ನನಗೆ.

"ಆ ಮೊಣಕಾಲು ಇಟ್ಕೊಂಡಾ? ಟಿಕೆಟ್ ಗೇಟಿಗೆ ಹೋಗೇ ಮಾರಾಯ್ತಿ. ಕುರ್ಚಿ ಇದೆ, ಫ್ಯಾನ್ ಇದೆ."

"ಗೇಟಲ್ಲಿ ಎಲ್ಲರೂ ಏನಾದ್ರೂ ಕೇಳ್ತಾರೆ ಕಣೇ. ಟಾಯ್ಲೆಟ್ ಎಲ್ಲಿ, ಸ್ಟ್ರಾಲರ್ ಎಲ್ಲಿ, ನನ್ನ ಗಂಡ ಎಲ್ಲಿ."

ಟವರಿನ ತುದಿಯಲ್ಲಿ ಒಂದು ಜಾಲರಿ ಜಗಲಿ ಇದೆ. ಪರೀಕ್ಷೆ ಮುಗಿಸಿ ಅವಳು ಅಲ್ಲಿ ಕೂತು ವೆಜಿಮೈಟ್ ಸವರಿದ ಬ್ರೆಡ್ಡು ತಿನ್ನುತ್ತಾಳೆ. ಹತ್ತು ನಿಮಿಷ. ಸಮುದ್ರದ ಕಡೆಗೆ ಮುಖ ಮಾಡಿ ಕೂರುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಕೂರುವುದು ಕಂಬಕ್ಕೆ ಮುಖ ಮಾಡಿಯಂತೆ. ಸಮುದ್ರ ನೋಡುವುದೂ ಒಂದು ಕೆಲಸವೇ, ಅದೂ ಬೇಡ ಎಂದಳು. ಯಾರೂ ಏನೂ ಕೇಳದ ಆ ಹತ್ತು ನಿಮಿಷ ಬಿಟ್ಟರೆ ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಅವಳದು ಅನ್ನುವ ಸಮಯ ಬೇರೆ ಇರಲಿಲ್ಲ.

ಇನ್ನು ಬೀಗದ ವಿಷಯ. ಹಳಿಯ ಮೇಲೆ ಕಾಲಿಡುವವರು ಮೊದಲು ಕರೆಂಟಿನ ದೊಡ್ಡ ಹಿಡಿಕೆಯನ್ನು ಕೆಳಗೆಳೆದು, ಅದಕ್ಕೆ ತಮ್ಮ ತಮ್ಮ ಬೀಗ ಜಡಿಯಬೇಕು. ಇಬ್ಬರು ಹೋದರೆ ಎರಡು ಬೀಗ, ಐವರು ಹೋದರೆ ಐದು. ಒಂದೊಂದಕ್ಕೂ ಒಂದೇ ಕೀಲಿ, ಅದು ಬೀಗದವರ ಮೈಮೇಲೇ ಇರಬೇಕು. ಇಳಿದು ಬಂದವರು ಅವರವರ ಬೀಗ ಅವರವರೇ ತೆಗೆಯಬೇಕು. ಕೊನೆಯ ಬೀಗ ಹೋಗುವವರೆಗೆ ಹಿಡಿಕೆ ಮೇಲೇಳದು, ಬಂಡಿ ಅಲ್ಲಾಡದು. ಒಬ್ಬರ ಬೀಗವನ್ನು ಇನ್ನೊಬ್ಬರು ಮುಟ್ಟುವುದು ನಮ್ಮಲ್ಲಿ ಕಳ್ಳತನಕ್ಕಿಂತ ಕೆಟ್ಟದ್ದು. ಬೀಗ ಇದೆ ಎಂದರೆ ಮನುಷ್ಯರು ಹಳಿಯ ಮೇಲಿದ್ದಾರೆ ಎಂದೇ ಅರ್ಥ. ಅಪ್ಪಿತಪ್ಪಿ ಬೀಗ ಬಿಟ್ಟು ಮನೆಗೆ ಹೋದವರನ್ನು ಟವರಿನ ಕೆಲಸದಿಂದ ತೆಗೆಯುವುದು ರೂಢಿ. ನೋಲೀನಳಿಗಿಂತ ಮೊದಲು ಇದ್ದವನು ಹಾಗೆ ಬಿಟ್ಟು ಹೋಗಿ, ಕೊನೆಯವರೆಗೆ ಪಾರ್ಕಿಂಗಿನಲ್ಲಿ ಕಾರುಗಳಿಗೆ ಕೈ ತೋರಿಸಿಕೊಂಡಿದ್ದ.

ನೋಲೀನಳ ಬೀಗ ಕೆಂಪು. ಅದರ ಮೇಲೆ ಅವಳ ಹೆಸರು, ಹತ್ತು ವರ್ಷದ ಹಿಂದಿನ ಅವಳ ಫೋಟೊ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ವಾರಕ್ಕೊಮ್ಮೆ ಉಜ್ಜುತ್ತಿದ್ದಳು.

ಅವತ್ತು ಕ್ರಿಸ್‌ಮಸ್ಸಿನ ಮರುದಿನ. ಇಲ್ಲಿ ಅದು ನಡುಬೇಸಿಗೆ. ಹಬ್ಬದಂದು ಪಾರ್ಕು ಮುಚ್ಚಿರುತ್ತದೆ. ಮರುದಿನ ವರ್ಷದ ಅತಿ ದೊಡ್ಡ ಜಾತ್ರೆ. ನೋಲೀನ್ ಬೆಳಿಗ್ಗೆ ಬಂದಾಗ ಅವಳ ಮುಖ ಹಿಂಡಿದ ಬಟ್ಟೆಯಂತಿತ್ತು.

"ಎಷ್ಟು ಹೊತ್ತು ಮಲಗಿದ್ದೆ?" ಎಂದೆ.

"ಎರಡೂವರೆ ಗಂಟೆ ಇರಬಹುದು. ಸಿಗಡಿ ತಲೆಗಳನ್ನೆಲ್ಲ ಪೇಪರಲ್ಲಿ ಸುತ್ತಿ ಫ್ರೀಜರಿಗೆ ಹಾಕೋ ಹೊತ್ತಿಗೆ ಒಂದಾಯ್ತು. ಹಾಕ್ದೆ ಬಿಟ್ರೆ ಕಸದ ಗಾಡಿ ಬರೋ ಹೊತ್ತಿಗೆ ಬೀದಿಯೆಲ್ಲ ನಾರತ್ತೆ. ಇವತ್ತು ಡೆಸ್ ತಮ್ಮನ ಸಂಸಾರ ಟೂವುಂಬಾದಿಂದ ಬರ್ತಿದೆ. ಮತ್ತೆ ಹದಿನಾಲ್ಕು ಜನ."

ಅವಳೂ ಜೊತೆಯ ಫಿಟ್ಟರ್ ನೆವ್ ಕೂಡ ಬೀಗ ಜಡಿದು ಹೋದರು. ಒಂಬತ್ತೂಮುಕ್ಕಾಲಿಗೆ ನೆವ್ ಬಂದು ತನ್ನ ಬೀಗ ತೆಗೆದು, ಪರೀಕ್ಷೆಯ ಓಟಕ್ಕೆಂದು ಪ್ಲಾಸ್ಟಿಕ್ ಗೊಂಬೆಗಳಿಗೆ ನೀರು ತುಂಬಲು ಹೋದ. ಮನುಷ್ಯರ ಬದಲು ಮೊದಲು ಆ ಗೊಂಬೆಗಳನ್ನೇ ಕೂರಿಸಿ ಬಿಡುತ್ತೇವೆ. ನೋಲೀನ್ ಹಿಂದೆಯೇ ಬರುತ್ತಿದ್ದಾಳೆ ಎಂದುಕೊಂಡಿದ್ದನಂತೆ. ಹತ್ತೂಕಾಲಾಯಿತು. ಹಿಡಿಕೆಯ ಮೇಲೆ ಕೆಂಪು ಬೀಗ ಒಂದೇ ತೂಗುತ್ತಿತ್ತು.

ನಮ್ಮ ಪಾಳಿಯ ಮೇಲಿನವನು ವಿರೆಮು, ಮಾವೊರಿ ಬುಡಕಟ್ಟಿನ ಹುಡುಗ, ಮೂವತ್ತು ದಾಟಿರಲಿಲ್ಲ. ನೋಲೀನಳನ್ನು ಅವನು ಬರೀ ಹೆಸರಿಟ್ಟು ಕರೆದದ್ದಿಲ್ಲ. ಆಂಟಿ ಎಂದೇ ಕರೆಯುವುದು. ಅವನು ಮೈಕಿನಲ್ಲಿ ಕೂಗಿದ, "ಆಂಟಿ! ಆಂಟಿ ನೋಲೀನ್!" ಉತ್ತರವಿಲ್ಲ. ಮೊಬೈಲಿಗೆ ಹಚ್ಚಿದ. ಅದು ಹೊಡೆದುಕೊಂಡು ನಿಂತಿತು. ಅವನು ಹೆಲ್ಮೆಟ್ಟಿಗೆ ಕೈ ಹಾಕಿದ.

"ನೆವ್, ಮೇಲೆ ಹತ್ತು. ನಾನೂ ಬರ್ತೀನಿ. ಬಿದ್ದುಗಿದ್ದಿದ್ದಾರೋ ಏನೋ."

ಇಬ್ಬರೂ ಟವರಿಗೆ ಓಡಿದರು. ಬೇರೆ ಆಟಗಳಿಂದ ನಾಲ್ವರು ಬಂದು ಹಳಿಯ ಕೆಳಗೆ, ಪೊದೆಗಳಲ್ಲಿ, ಮೋಟಾರು ಕೋಣೆಯ ಹಿಂದೆ ಹುಡುಕಿದರು. ಸಾಲಿನಲ್ಲಿ ನಿಂತ ಜನ ಗೊಣಗಿದರು. ನಾನು ಕ್ಯಾಬಿನ್ ಬಿಟ್ಟು ಹೋಗುವಂತಿರಲಿಲ್ಲ. ಅವಳ ಆ ಎಡ ಮೊಣಕಾಲೇ ಕಣ್ಣಿಗೆ ಕಟ್ಟುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಯಾರೋ ನೌಕರರ ಪಾರ್ಕಿಂಗಿಗೆ ಹೋಗಿ ನೋಡಿ ಬಂದು, "ಅವಳ ಕಾರೇ ಇಲ್ಲ" ಎಂದರು. ಆದರೂ ನಿಯಮ ನಿಯಮವೇ. ಅವಳ ದನಿ ಕೇಳುವವರೆಗೆ ಅವಳು ಹಳಿಯ ಮೇಲೇ ಇದ್ದ ಹಾಗೆ. ವಿರೆಮು ಬೆವರು ಸುರಿಸುತ್ತ ಇಳಿದು ಬಂದು, ಕ್ಯಾಬಿನ್ನಿನ ಫೋನಿನಲ್ಲಿ ಅವಳ ಮನೆಗೆ ಹಚ್ಚಿ, ನಮಗೂ ಕೇಳುವಂತೆ ಸ್ಪೀಕರಿಗೆ ಹಾಕಿದ.

"ಡೆಸ್, ಪಾರ್ಕಿಂದ ವಿರೆಮು. ಆಂಟಿ ಇದ್ದಾರಾ?"

"ಇದ್ದಾಳಲ್ಲ, ಹ್ಯಾಮ್ ಕೊಯ್ತಿದ್ದಾಳೆ. ಏನಯ್ಯಾ, ಹಬ್ಬದ ಮಾರನೇ ದಿನಾನೂ ಬಿಡಲ್ವಾ ಅವಳನ್ನ?"

ವಿರೆಮು ಅಂಗೈಯಿಂದ ಕಣ್ಣು ಮುಚ್ಚಿಕೊಂಡ. ನೆವ್ ನೆಲದ ಮೇಲೇ ಕೂತುಬಿಟ್ಟ.

"ಅವರ ಬೀಗ ಇಲ್ಲೇ ಉಳಿದಿದೆ ಡೆಸ್."

"ಅಷ್ಟೇನಾ? ಕತ್ತರಿಸಿ ಬಿಸಾಕಿ. ಹೊಸದು ನಾನು ತಂದ್ಕೊಡ್ತೀನಿ."

"ಹಾಗೆಲ್ಲ ಆಗಲ್ಲ. ಅದು ಅವರ ಬೀಗ."

"ನಾನು ಅವಳ ಗಂಡ ಕಣಯ್ಯಾ. ನಾನೇ ಹೇಳ್ತಾ ಇದೀನಲ್ಲ, ಕತ್ತರಿಸು ಅಂತ."

"ನೀವು ಪ್ರಧಾನಮಂತ್ರಿ ಆಗಿದ್ರೂ ಆಗಲ್ಲ ಮೇಟ್. ಅವರೇ ಬರಬೇಕು."

"ಇಲ್ಲಿ ಹದಿನಾಲ್ಕು ಜನ ತಟ್ಟೆ ಇಟ್ಕೊಂಡು ಕೂತಿದ್ದಾರೆ!"

"ಇಲ್ಲಿ ಮುನ್ನೂರು ಜನ ನಿಂತಿದ್ದಾರೆ."

ಆಚೆ ಕಡೆ ಗದ್ದಲ ನಿಂತಿತು. ಚಾಕುವನ್ನು ಹಲಗೆಯ ಮೇಲಿಟ್ಟ ಸದ್ದು. ಆಮೇಲೆ ನೋಲೀನಳ ದನಿ, ಬಹಳ ಮೆಲ್ಲಗೆ: "ವಿರೆಮು, ಕೀಲಿ ನನ್ನ ಜೇಬಲ್ಲೇ ಇದೆ ಕಣಪ್ಪ. ಹೊರಟೆ."

"ಓವನ್ನಲ್ಲಿ ಆಲೂಗಡ್ಡೆ ಇದೆಯಲ್ಲೇ, ಎಷ್ಟು ಹೊತ್ತು ಬಿಡ್ಬೇಕು?" ಹಿಂದಿನಿಂದ ಡೆಸ್.

"ಕೆಂಪಾಗೋವರೆಗೆ."

"ಎಷ್ಟು ಕೆಂಪು?"

ಫೋನು ಕಟ್ಟಾಯಿತು.

ಮುಕ್ಕಾಲು ಗಂಟೆಯಲ್ಲಿ ಬಂದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ. ಮುಂಗೈಯಲ್ಲಿ ಹ್ಯಾಮಿನ ಹಂದಿಕೊಬ್ಬು ಹೊಳೆಯುತ್ತಿತ್ತು. ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಛೇಡಿಸಿದರು. ಅವಳು ಯಾರನ್ನೂ ನೋಡದೆ ಹಿಡಿಕೆಯ ಹತ್ತಿರ ಹೋಗಿ ಬೀಗ ತೆಗೆದು, ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ನೀವು ಮೇಲೆ ಹತ್ತಿ ನನ್ನನ್ನ ಹುಡುಕಿದ್ರಾ?" ಎಂದಳು.

"ಎರಡು ಸಲ," ಎಂದ ನೆವ್. "ಈ ಹೊಟ್ಟೆ ಹೊತ್ಕೊಂಡು. ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿನ್ನನ್ನ ನಿಜವಾಗ್ಲೂ ಮೇಲಿಂದ ತಳ್ತೀನಿ."

ಅವಳಿಗೆ ಅಳು ಬಂದದ್ದು ಆಗಲೇ. ಬೈದದ್ದಕ್ಕಲ್ಲ ಎಂದು ನನಗೆ ಗೊತ್ತು.

ಬಂಡಿ ಬಿಟ್ಟ ಮೇಲೆ ವಿರೆಮು ವರದಿಯ ಹಾಳೆ ತಂದು ಕ್ಯಾಬಿನ್ನಿನ ಸಣ್ಣ ಮೇಜಿನ ಮೇಲಿಟ್ಟ. 'ಹೀಗಾಗಲು ಕಾರಣ' ಎಂಬಲ್ಲಿ ಮೂರು ಗೆರೆ ಜಾಗ.

"ಆಂಟಿ, ಬಿಸಿಲಿಗೆ ತಲೆ ಸುತ್ತಿತು ಅಂತ ಬರೀರಿ. ಬಿಸಿಲಿಗೆ ಯಾರೂ ಏನೂ ಮಾಡೋಕಾಗಲ್ಲ. ಟವರಿಂದ ತೆಗೆಯೋದು ತಪ್ಪಬಹುದು."

"ಸುತ್ತಲಿಲ್ವಲ್ಲೋ."

"ಬರೀರಿ ಅಂದ್ನಷ್ಟೇ, ಸುತ್ತಿಸ್ಕೊಳ್ಳಿ ಅಂದ್ನಾ?"

ಅವಳು ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಬರೆದರೆ ಮೂರು ವರ್ಷ ಉಳಿಯಬಹುದಿತ್ತು. ನಾನು ಎರಡು ಬಂಡಿ ಬಿಟ್ಟೆ, ಮೂರನೆಯದೂ ಹೋಗಿ ಬಂತು. "ತಲೆ ಸುತ್ತಿತು ಅಂದ್ರೆ ನಾಳೆ ನೆವ್ ಬಿಸಿಲಿಗೆ ಟೋಪಿ ಹಾಕ್ಕೊಂಡು ಬರ್ತಾನೆ, ಅಷ್ಟೇ. ಬೀಗ ಮರೆತದ್ದು ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ," ಎಂದು ತನಗೇ ಹೇಳಿಕೊಂಡಳು. ಆಮೇಲೆ, "ಇನ್ನೊಂದು ಹಾಳೆ ಕೊಡು ವಿರೆಮು, ಮೂರು ಗೆರೆ ಸಾಲಲ್ಲ," ಎಂದಳು.

ಅವಳು ಬರೆದದ್ದನ್ನು ನಾನು ಸಾಕ್ಷಿಯಾಗಿ ಓದಿ ರುಜು ಹಾಕಿದ್ದೇನೆ. ಅಲಂಕಾರವಿಲ್ಲದ ಬರಹ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾಲ್ಕರಿಂದ ತಾನು ಮಾಡಿದ್ದು, ಮಲಗಿದ್ದು, ಎದ್ದದ್ದು. ಮುಂಜಾನೆ ಒಂದಕ್ಕೆ ಮಲಗಿ ಮೂರೂವರೆಗೆ ಎದ್ದು ಅತ್ತೆಯ ಕಾಲಿಗೆ ಪಟ್ಟಿ ಕಟ್ಟಿ ಹೊರಟದ್ದು. ಕೊನೆಗೆ ಹೀಗಿತ್ತು: "ಒಂಬತ್ತೂಮುಕ್ಕಾಲಿಗೆ ಟವರಿಂದ ಇಳಿದೆ. ಬೀಗ ತೆಗೆಯಲು ಕೀಲಿ ಕೈಗೆ ತೆಗೆದುಕೊಂಡೆ. ಆಗ ಫೋನು ಬಂತು. ಹ್ಯಾಮ್ ಕೆಡದಂತೆ ಸುತ್ತಿಡುವ ಬಟ್ಟೆಯ ಚೀಲ ಒಣಗಿದೆ, ಅದನ್ನು ಯಾವುದರಲ್ಲಿ ನೆನೆಸಬೇಕು ಎಂದು ನನ್ನ ಗಂಡ ಕೇಳಿದ. ನೀರು ಮತ್ತು ವಿನೆಗರ್ ಎಂದೆ. ಎಷ್ಟು ನೀರು ಎಂದ. ವಿನೆಗರ್ ಎಲ್ಲಿದೆ ಎಂದ. ಇಪ್ಪತ್ತೆಂಟು ವರ್ಷದಿಂದ ಅದು ಸಿಂಕಿನ ಕೆಳಗೇ ಇದೆ. ನನ್ನ ಪಾಳಿ ಮುಗಿದಿತ್ತು, ಹೇಳುತ್ತ ಹೇಳುತ್ತ ಕಾರಿನ ಕಡೆ ನಡೆದೆ. ಮನೆ ಮುಟ್ಟುವವರೆಗೆ ಕೀಲಿ ನನ್ನ ಮುಷ್ಟಿಯಲ್ಲೇ ಇತ್ತು."

ಮರುದಿನ ಸುರಕ್ಷತೆಯ ಕಚೇರಿಯಿಂದ ಕರೆ ಬಂತು. ಜೊತೆಗೊಬ್ಬರು ಇರಬಹುದು ಎಂದುದರಿಂದ ನಾನು ಹೋದೆ. ಅಲ್ಲಿದ್ದ ಹೆಂಗಸು ನಮ್ಮ ಮಕ್ಕಳ ವಯಸ್ಸಿನವಳು. ಹಾಳೆಯನ್ನು ಎರಡು ಸಲ ಓದಿದಳು.

"ಇದು ಮನೆ ವಿಷಯ ಆಯ್ತಲ್ಲ ನೋಲೀನ್. ನಾವು ಕೇಳಿದ್ದು ಇಲ್ಲಿನ ಕಾರಣ."

"ಕಾರಣ ಬರಿ ಅಂತಿತ್ತು. ಇದು ಕಾರಣ. ಇಲ್ಲೊಂದು ತಲೆ, ಮನೇಲೊಂದು ತಲೆ ಅಂತ ಎರಡಿಲ್ಲ ನನಗೆ."

ಆ ಹುಡುಗಿ ಪೆನ್ನಿನಿಂದ ಮೇಜು ಕುಟ್ಟಿದಳು. ನೋಲೀನ್ ತನ್ನ ಮಂಡಿಯ ಮೇಲಿನ ಕೈಗಳನ್ನೇ ನೋಡುತ್ತಿದ್ದಳು. ಪಾರ್ಕಿಂಗ್, ಟಿಕೆಟ್ ಗೇಟು, ಎರಡೂ ನನ್ನ ಕಣ್ಣ ಮುಂದೆ ಬಂದುಹೋದವು. ಕೊನೆಗೆ ಆ ಹುಡುಗಿ ಹೇಳಿದ್ದು ಇಷ್ಟು: ಬರೆದಿರುವುದು ನಿಜವಿರುವುದರಿಂದ ಟವರಿನಿಂದ ಈಗಲೇ ತೆಗೆಯುವುದಿಲ್ಲ. ಹತ್ತು ದಿನ ರಜೆ. ದಿನಕ್ಕೆ ಏಳು ಗಂಟೆ ನಿದ್ದೆ ಮಾಡಬೇಕು. ಮಾಡಿದ್ದನ್ನು ಹಾಳೆಯಲ್ಲಿ ತುಂಬಿಸಿ, ಜೊತೆಯಲ್ಲಿರುವವರಿಂದ ದಿನವೂ ರುಜು ಹಾಕಿಸಿ ತರಬೇಕು. ತಂದರೆ ಟವರು, ಇಲ್ಲದಿದ್ದರೆ ಗೇಟು.

"ನಿಮ್ಮ ಯಜಮಾನರು ರುಜು ಹಾಕಿದರೆ ಆಯ್ತು," ಎಂದಳು.

"ಅವನು ಏನಂತ ಹಾಕ್ತಾನೆ?" ಎಂದಳು ನೋಲೀನ್. ಕೊಂಕಿಲ್ಲ, ನಿಜವಾದ ಪ್ರಶ್ನೆ. "ನಾನು ಮಲಗಿದ್ದನ್ನ ಅವನು ನೋಡೇ ಇಲ್ಲ. ನಾನು ಮಲಗೋ ಹೊತ್ತಿಗೆ ಅವನು ಮಲಗಿರ್ತಾನೆ, ಅವನು ಏಳೋ ಹೊತ್ತಿಗೆ ನಾನು ಎದ್ದಿರ್ತೀನಿ."

ಹೊರಗೆ ಬಂದ ಮೇಲೆ, "ಮನೆಗೆ ಹೋದ್ರೆ ಈ ಹಾಳೆ ತುಂಬಲ್ಲ ಗ್ಲೆನಿಸ್," ಎಂದಳು. ನನ್ನ ಮನೆಯ ಹಿಂಬದಿಯ ಕೋಣೆ ಖಾಲಿ ಇತ್ತು, ಅಲ್ಲಿಗೆ ಕರೆದುಕೊಂಡು ಹೋದೆ.

ಡೆಸ್‌ಗೆ ಅವಳು ಫೋನಿನಲ್ಲೇ ಹೇಳಿದಳು. ಅತ್ತೆಯ ಹನಿ ಎಷ್ಟು ಹೊತ್ತಿಗೆ, ಪಟ್ಟಿ ಹೇಗೆ ಎಂದು ಒಂದು ಸಲ ಹೇಳಿ, ಹನಿಯ ಬಾಟಲಿ ಫ್ರಿಜ್ಜಿನ ಬಾಗಿಲಲ್ಲಿದೆ ಎಂದು ಎರಡು ಸಲ ಹೇಳಿ, ಫೋನನ್ನು ನನ್ನ ಕೈಗೆ ಕೊಟ್ಟಳು. ಮೊದಲ ದಿನ ಬೆಳಿಗ್ಗೆ ನಾಲ್ಕಕ್ಕೇ ಎದ್ದು ನನ್ನ ಪಾತ್ರೆ ತೊಳೆಯುತ್ತಿದ್ದಳು.

"ಇವತ್ತಿನ ರುಜು ಹಾಕಲ್ಲ," ಎಂದೆ.

"ಕೈ ಸುಮ್ಮನಿರಲ್ಲ ಕಣೇ."

"ಕೈಯನ್ನ ಹಾಸಿಗೆಗೆ ಕರ್ಕೊಂಡು ಹೋಗು."

ಎರಡನೇ ದಿನ ಐದು ಗಂಟೆ. ಮೂರನೇ ದಿನ ಏಳು. ನಾಲ್ಕನೇ ದಿನ ಮಲಗಿದವಳು ಹದಿಮೂರು ಗಂಟೆ ಏಳಲಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ನೋಡಿದೆ. ನಿದ್ದೆ ಮಾಡಿದಷ್ಟೂ ಅವಳ ಮುಖ ಇನ್ನಷ್ಟು ದಣಿದಂತೆ ಕಾಣುತ್ತಿತ್ತು. ಒಳಗೆ ಒತ್ತಿಟ್ಟಿದ್ದ ಸುಸ್ತೆಲ್ಲ ಈಗ ಮೇಲೆ ಬರುತ್ತಿತ್ತೋ ಏನೋ. ಮೊದಲೆರಡು ದಿನ ಕಡಿಮೆಯಾದದ್ದನ್ನು ನಾನು ಇದ್ದ ಹಾಗೆಯೇ ಬರೆದೆ. ಸುಳ್ಳು ಬರೆಯಲು ಅವಳು ಬಿಡುತ್ತಿರಲಿಲ್ಲ.

ಆರನೇ ದಿನ ಮಧ್ಯಾಹ್ನ ಡೆಸ್ ಬಂದ. ಕೈಯಲ್ಲಿ ಮೀನಿನ ಐಸ್ ಡಬ್ಬಿ, ಅದರೊಳಗೆ ಹ್ಯಾಮಿನ ಮೂಳೆ.

"ಇದನ್ನೇನು ಮಾಡೋದು ಅಂತ ಕೇಳ್ಬೇಕಿತ್ತು. ಆಮೇಲೆ ಆ ಸಿಗಡಿ ತಲೆಗಳು... ಅಮ್ಮ ಏನೋ ಹುಡುಕೋಕೆ ಫ್ರೀಜರ್ ಬಾಗಿಲು ತೆಗೆದು ಹಾಗೇ ಬಿಟ್ಟಿದ್ಲು. ಮನೆಯೊಳಗೆ ಕಾಲಿಡೋಕಾಗ್ತಿಲ್ಲ."

"ಮಲಗಿದ್ದಾಳೆ."

"ಈ ಹೊತ್ತಲ್ಲಾ?"

ತಡೆಯುವ ಮೊದಲೇ ಹಜಾರಕ್ಕೆ ಬಂದುಬಿಟ್ಟ. ನೋಲೀನ್ ಸೋಫಾದ ಮೇಲೆ ಬಾಯಿ ತೆರೆದು, ಒಂದು ಕೈ ನೆಲಕ್ಕೆ ಇಳಿಬಿಟ್ಟು ಮಲಗಿದ್ದಳು. ಮುಷ್ಟಿ ಬಿಚ್ಚಿತ್ತು. ಅವನು ಡಬ್ಬಿ ಹಿಡಿದುಕೊಂಡೇ ನಿಂತ. ಎಚ್ಚರಿಸುತ್ತಾನೆ ಎಂದುಕೊಂಡು ನಾನು ಅಡ್ಡ ಬಂದೆ. ಅವನು ಎಚ್ಚರಿಸಲಿಲ್ಲ.

"ಗೊರಕೆ ಹೊಡೀತಾಳಾ ಇವಳು?" ಎಂದು ಪಿಸುಗುಟ್ಟಿದ. ಮದುವೆಯಾಗಿ ಮೂವತ್ತನಾಲ್ಕು ವರ್ಷ.

ಐದು ನಿಮಿಷ ಇರಬಹುದು. ಅವಳ ಬೆರಳುಗಳ ಗ್ರೀಸಿನ ಕಪ್ಪು ಗೆರೆಗಳನ್ನೋ ಏನನ್ನೋ ನೋಡುತ್ತಿದ್ದ. ನಂತರ ಡಬ್ಬಿಯನ್ನು ಎತ್ತಿಕೊಂಡು, ಬೆನ್ನು ಹಿಡಿದುಕೊಳ್ಳದೆ, ಹೊರಗೆ ಹೋದ. ಬದಲಾಗಿ ಹೋದ ಎಂದು ನಾನು ಹೇಳುತ್ತಿಲ್ಲ. ಮೂಳೆಯನ್ನು ನನ್ನ ಮನೆಯಲ್ಲಿ ಬಿಟ್ಟು ಹೋಗಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಹತ್ತು ದಿನದ ಹಾಳೆಯಲ್ಲಿ ಎರಡು ದಿನ ಕೊರತೆ ಇತ್ತು. ಸುರಕ್ಷತೆಯ ಹುಡುಗಿ ಎಣಿಸಿದಳು, ನಾಲ್ಕನೇ ದಿನದ ಹದಿಮೂರರ ಮೇಲೆ ಬೆರಳಿಟ್ಟಳು, ನೋಲೀನಳ ಮುಖ ನೋಡಿದಳು. "ತಿಂಗಳಿಗೊಂದು ಹಾಳೆ ತರ್ತಾ ಇರಬೇಕು," ಎಂದು ಠಸ್ಸೆ ಒತ್ತಿದಳು. ಟವರು ಉಳಿಯಿತು.

ಮೊನ್ನೆ ಅವಳು ಮತ್ತೆ ಹತ್ತಿದಳು. ತಲೆದೀಪ ನೂರಕ್ಕೊಮ್ಮೆ ನಿಂತಿತು. ಕೊನೆಯ ನೂರರಲ್ಲಿ ಎರಡು ಸಲ ನಿಂತಿತು. ತುದಿಯಲ್ಲಿ ಹತ್ತು ನಿಮಿಷ ದೀಪ ಅಲ್ಲಾಡಲಿಲ್ಲ. ಇಳಿದು ಬಂದು ಹಿಡಿಕೆಯ ಹತ್ತಿರ ಬಂದಾಗ ಅವಳ ಜೇಬಿನಲ್ಲಿ ಫೋನು ಹೊಡೆಯತೊಡಗಿತು. ನೆವ್, ವಿರೆಮು, ನಾನು, ಮೂವರೂ ಅವಳ ಕೈಯನ್ನೇ ನೋಡಿದೆವು. ಅವಳು ಕೀಲಿ ತೆಗೆದು, ಬೀಗ ಬಿಚ್ಚಿ, ಸೊಂಟದ ಪಟ್ಟಿಗೆ ಸಿಕ್ಕಿಸಿ, "ನೋಲೀನ್ ಟಲ್ಲಿ, ಹಳಿಯಿಂದ ಹೊರಗೆ," ಎಂದು ನಿಯಮದಂತೆ ಗಟ್ಟಿಯಾಗಿ ಹೇಳಿದಳು. ಫೋನು ಹೊಡೆದು ಹೊಡೆದು ನಿಂತು ಮತ್ತೆ ಶುರುವಾಗಿತ್ತು. ಆಮೇಲೆ ಎತ್ತಿದಳು.

"ಕಸದ ಡಬ್ಬಿ ಹೊರಗಿಡೋದು ಯಾವ ದಿನ?" ಡೆಸ್‌ನ ದನಿ ನನಗೂ ಕೇಳಿಸಿತು.

"ಪಕ್ಕದ ಮನೆಯವರು ಇಟ್ಟ ದಿನ," ಎಂದು ಫೋನು ಜೇಬಿಗೆ ಹಾಕಿ, ನನ್ನ ಕ್ಯಾಬಿನ್ನಿಗೆ ಬಂದು ಚಹಾದ ಲೋಟಕ್ಕೆ ಕೈ ಚಾಚಿದಳು. ನಾನು ಗೊಂಬೆಗಳ ಬಂಡಿಯನ್ನು ಬಿಟ್ಟೆ. ಅದು ಹೋಗಿ ಬರುವಷ್ಟರಲ್ಲಿ ಅವಳು ಲೋಟದ ಮೇಲೆ ಕಣ್ಣು ಮುಚ್ಚಿದ್ದಳು.